ಕೀನ್ಯಾದ ಚಹಾ, ಬ್ಯಾಡಗಿಯ ಘಾಟು

ಕೀನ್ಯಾ ಎಲ್ಲಿದೆ ಎಂದು ನಕಾಶೆಯಲ್ಲಿ ಕಣ್ಣು ಮುಚ್ಚಿ ತೋರಿಸಬಲ್ಲೆ. ನಮ್ಮ ಶಾಲೆಯ ಭೂಗೋಳದ ಮಾಸ್ತರು ರಜೆ ಹಾಕಿದಾಗೆಲ್ಲ ಅವರ ತಾಸು ನನ್ನ ತಲೆಗೇ ಬೀಳುತ್ತಿತ್ತು. ಆದರೆ ಅದೇ ಕೀನ್ಯಾವನ್ನು ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿಗೆ ತಂದು, ಕೆಮ್ಮುತ್ತ ಕುಳಿತ ಜನರ ಮುಂದೆ ನಿಲ್ಲಿಸುವುದು ಬೇರೆಯದೇ ಕೆಲಸ. ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ ಆ ಕೆಲಸ ಮಾಡಿದೆ. ಚೆನ್ನಾಗಿಯೇ ಮಾಡಿದೆ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಆಗ ನಾನು ರಾಣೆಬೆನ್ನೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹಂಗಾಮಿ ಇಂಗ್ಲಿಷ್ ಮಾಸ್ತರ. ಮೂರು ವರ್ಷದಿಂದ ಹಂಗಾಮಿ. ಖಾಯಂ ಮಾಡುವ ಆದೇಶ ಟೈಪಾಗಿ ಫೈಲಿನಲ್ಲಿ ಕುಳಿತಿತ್ತು, ಆಡಳಿತ ಮಂಡಳಿಯ ಅಧ್ಯಕ್ಷರ ಸಹಿ ಒಂದು ಬೇಕಾಗಿತ್ತು. ಅಧ್ಯಕ್ಷರು ತಾಲೂಕಿನ ರಾಜಕಾರಣದಲ್ಲೂ ದೊಡ್ಡ ಕುಳ. ಅವರ ಮಂದಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ಫೈಲು ತಾನ ನಡೀತೈತೇನ್ರಿ ಮಾಸ್ತರ?" ಎಂದು ನಗುತ್ತಿದ್ದರು. ನಾನೂ ನಕ್ಕು ಮುಂದೆ ಹೋಗುತ್ತಿದ್ದೆ. ಅದನ್ನು ಪ್ರಾಮಾಣಿಕತೆ ಎನ್ನುವುದಕ್ಕಿಂತ ಹಟ ಎಂದರೆ ಸರಿ. ಮೇಡ್ಲೇರಿಯಿಂದ ನನ್ನನ್ನು ನಂಬಿ ಬಂದ ಹೆಂಡತಿಗೆ ಆಗ ಐದನೇ ತಿಂಗಳು. ಒಂದೇ ಖೋಲಿಯ ಬಾಡಿಗೆ ಮನೆಯಲ್ಲಿ ತೊಟ್ಟಿಲು ಎಲ್ಲಿ ಕಟ್ಟುವುದು ಎಂದು ಆಕೆ ತೊಲೆ ನೋಡುತ್ತಿದ್ದಳು. ಆ ಸಹಿಯ ಮೇಲೆ ನಮ್ಮ ಮುಂದಿನ ಸಂಸಾರವೆಲ್ಲ ನಿಂತಿತ್ತು.

ನಾನು ಕನ್ನಡಕ್ಕೆ ತಂದು ಆಡಿಸಿದ ಕೀನ್ಯಾದ ನಾಟಕ ಕೈಗೆ ಸಿಕ್ಕಿದ್ದು ಧಾರವಾಡದ ಒಂದು ರಂಗಶಿಬಿರದಲ್ಲಿ. ಅಲ್ಲಿ ಕೃಷಿ ಓದುತ್ತಿದ್ದ ಕೀನ್ಯಾದ ವಿದ್ಯಾರ್ಥಿಯೊಬ್ಬ ನೋಡಲು ಬರುತ್ತಿದ್ದ. ಇಂಗ್ಲಿಷಿನಲ್ಲಿ ಮಾತಿಗೆ ಕುಳಿತೆವು. ಅವನ ಊರಲ್ಲಿ ಒಬ್ಬ ಶಾಲಾ ಮಾಸ್ತರು ನಾಟಕ ಬರೆದು ಸಂತೆಯ ದಿನ ಲಾರಿಯ ಮೇಲೆ ಆಡಿಸುತ್ತಿದ್ದನಂತೆ. ಒಂದು ಊರಲ್ಲಿ ವೇದಿಕೆ ಕಿತ್ತರೆ ಮುಂದಿನ ಸಂತೆಯಲ್ಲಿ ಆಡುವುದು. ಕೊನೆಗೆ ಆ ಮಾಸ್ತರನನ್ನು ಜೈಲಿಗೆ ಹಾಕಿದರು. ನಟರು ಅವನಿಲ್ಲದೆಯೇ ಆಟ ಮುಂದುವರಿಸಿದರು. "ಅವನು ಹೊರಗೆ ಬಂದಾಗ ನಾಟಕ ಅವನು ಬರೆದದ್ದಕ್ಕಿಂತ ಚೆನ್ನಾಗಿ ಆಗಿತ್ತು" ಎಂದು ವಿದ್ಯಾರ್ಥಿ ಹೆಮ್ಮೆಯಿಂದ ಹೇಳಿದ. ಮರುದಿನ ಆ ನಾಟಕದ ಕಲ್ಲಚ್ಚಿನ ಇಂಗ್ಲಿಷ್ ಪ್ರತಿಯನ್ನೇ ತಂದುಕೊಟ್ಟ. ಮಧ್ಯೆ ಮಧ್ಯೆ ಅವರ ಭಾಷೆಯ ಪದಗಳು, ಕೊನೆಯ ಹಾಳೆಯಲ್ಲಿ ಅವುಗಳ ಅರ್ಥ.

ಕಥೆ ಸರಳ. ರಸ್ತೆ ಕೆಲಸದಲ್ಲಿ ಸತ್ತವನ ಹೆಂಡತಿ ಪಿಂಚಣಿ ಕಾಗದಕ್ಕೆ ಮುದ್ರೆ ಬೇಕೆಂದು ಕಚೇರಿಗೆ ಬರುತ್ತಾಳೆ. ಐದು ಮೇಜು ದಾಟಿದರೆ ಮಂತ್ರಿ. ಪ್ರತಿ ಮೇಜಿನವನೂ ಅವಳನ್ನು ‘ಚಾಯ್’ ಕೇಳುತ್ತಾನೆ. ಪದ ಕಂಡು ನಕ್ಕೆ, ಅಲ್ಲಿಯೂ ಚಹಾಕ್ಕೆ ಹೀಗೇ ಅನ್ನುತ್ತಾರಲ್ಲ ಎಂದು. ಕೊನೆಯ ಹಾಳೆ ತಿರುವಿದರೆ ಅರ್ಥ ‘ಲಂಚ’ ಎಂದಿತ್ತು. ಇಂಗ್ಲಿಷ್ ಮಾಸ್ತರನಿಗೆ ಪದಕೋಶದ ಮೇಲೆ ಮಾತಿಲ್ಲ. ಗಂಭೀರ ನಾಟಕ, ಗಂಭೀರ ಪದ ಇರಲಿ ಎಂದು ಚಾಯ್ ಕಂಡಲ್ಲೆಲ್ಲ ಲಂಚ ಎಂದು ದುಂಡಗೆ ಬರೆದೆ.

ನಮ್ಮ ಹವ್ಯಾಸಿ ತಂಡದ ತಾಲೀಮು ನಡೆಯುತ್ತಿದ್ದದ್ದು ಟೇಲರ್ ಚಾಚಾನ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ. ಚಾಚಾ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ರಂಗದ ಮೇಲೆ ಎರಡನ್ನೂ ಮೀರಿದ ಕಣ್ಣಿನ ಭಾಷೆ ಬಲ್ಲವನು. ಮೊದಲ ಮೇಜಿನ ಗುಮಾಸ್ತನ ಪಾತ್ರ ಅವನದು. ವಿಧವೆಯ ಪಾತ್ರಕ್ಕೆ ಒಬ್ಬ ಡಾಕ್ಟರರ ದವಾಖಾನೆಯ ನರ್ಸಬಾಯಿ ಒಪ್ಪಿದ್ದಳು, ಅಗಡಿಯ ಹೆಣ್ಣುಮಗಳು. ಮಂತ್ರಿಯ ಪಾತ್ರ ಒಬ್ಬ ಕಿರಾಣಿ ವ್ಯಾಪಾರಿಯದು, ದನಿ ಅಷ್ಟು ದೊಡ್ಡದು.

ಮೊದಲ ತಪ್ಪು ವೇಷದ್ದು. ಆಫ್ರಿಕಾ ಎಂದ ಮೇಲೆ ಮುಖಕ್ಕೆ ಕಾಡಿಗೆ ಬೇಡವೇ, ಸೊಂಟಕ್ಕೆ ಹುಲ್ಲು ಬೇಡವೇ? ಎಣ್ಣೆಯಲ್ಲಿ ಮಸಿ ಕಲಸಿಟ್ಟಿದ್ದೆವು. ಆ ಭಾನುವಾರ ಧಾರವಾಡದಿಂದ ವಿದ್ಯಾರ್ಥಿ ತಾಲೀಮು ನೋಡಲು ಬಂದ. ಮಸಿ ಹಚ್ಚಿಕೊಂಡು ನಿಂತ ಕಿರಾಣಿ ವ್ಯಾಪಾರಿಯನ್ನು ಬಹಳ ಹೊತ್ತು ನೋಡಿದ. "ಇವರು ಮೊದಲೇ ನನ್ನಷ್ಟು ಕಪ್ಪಗಿದ್ದರಲ್ಲ, ಈ ಮಸಿ ಯಾಕೆ? ನಮ್ಮ ಗುಮಾಸ್ತರೂ ಪ್ಯಾಂಟು ಶರ್ಟು ಹಾಕಿ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಳ್ಳುತ್ತಾರೆ" ಎಂದ. ನಾಚಿಕೆಯಿಂದ ನೆಲ ನೋಡಿದೆ. ಆ ಮಾತನ್ನು ಚಾಚಾನಿಗೆ ಕನ್ನಡದಲ್ಲಿ ಹೇಳಿದಾಗ, "ಹಂಗಾರ ನಮ್ಮ ಕಚೇರಿನ ಬಿಡ್ರಿ ಅದು" ಎಂದು ಅವನೇ ಬಕೆಟ್ಟು ನೀರು ತಂದು ಎಲ್ಲರ ಮುಖ ತೊಳೆಸಿದ.

ವೇಷ ಸರಿಹೋದರೂ ನಾಟಕ ಮೇಲೇಳಲಿಲ್ಲ. "ನೀನು ಲಂಚ ಕೊಡಬೇಕು" ಎಂದು ಚಾಚಾ ಹೇಳಿದರೆ ಸರಕಾರಿ ಭಿತ್ತಿಪತ್ರ ಓದಿದ ಹಾಗಿರುತ್ತಿತ್ತು. ನರ್ಸಬಾಯಿ ಅಳುವ ಕಡೆ ನಾನು ಆಕಳಿಸಿದೆ. ನಟರನ್ನು ಬೈದೆ, ಚಲನೆ ಬದಲಿಸಿದೆ, ಮೇಜುಗಳನ್ನು ಸಾಲಿನಿಂದ ಬಿಡಿಸಿ ಅರ್ಧಚಂದ್ರಾಕಾರದಲ್ಲಿ ಇಟ್ಟೆ. ಏನು ಮಾಡಿದರೂ ಅದು ಸಪ್ಪಗೇ ಉಳಿಯಿತು.

ಇಷ್ಟರಲ್ಲಿ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ತನ್ನ ಗೋದಾಮು ಕೊಡಲು ಒಪ್ಪಿದ. ಹಾವೇರಿಯವರು ಅದರ ಮುಂದಿನ ವಾರಕ್ಕೆ ಕೇಳಿದರು. ಧ್ವನಿವರ್ಧಕ ಹಚ್ಚಿ ನಾಟಕ ಆಡಬೇಕೆಂದರೆ ಪರವಾನಗಿ ಬೇಕು, ಪರವಾನಗಿಗೆ ಹಾವೇರಿಯ ಉಪವಿಭಾಗದ ಕಚೇರಿಗೆ ಹಸ್ತಪ್ರತಿ ಒಪ್ಪಿಸಬೇಕು. ಒಪ್ಪಿಸಿದೆ. ವಾರದ ಮೇಲೆ ಅಧಿಕಾರಿ ಕರೆಸಿದರು. ಪ್ರತಿ ಪುಟದಲ್ಲೂ ಕೆಂಪು ಪೆನ್ಸಿಲ್ಲು ಓಡಾಡಿತ್ತು. ಲಂಚ ಎಂಬ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಗೀಟು.

"ಸರಕಾರಿ ನೌಕರ ಲಂಚ ಕೇಳಿದಂಗ ತೋರಸಾಕ ಬರೂದಿಲ್ರಿ ಮಾಸ್ತರ" ಎಂದರು ಅಧಿಕಾರಿ.

"ಸರ, ಅಂವ ಕೀನ್ಯಾದ ನೌಕರರಿ."

"ಎಲ್ಲಿಯವನರ ಇರಲಿ. ಆ ಶಬ್ದ ತಗದು ತರ್ರಿ, ನಾಳೇನ ಕೊಡತೇನಿ."

ಲಂಚ ಎಂಬ ಪದವಿಲ್ಲದೆ ಲಂಚದ ನಾಟಕ ಆಡುವುದು ಹೇಗೆ? ಸಿಟ್ಟು ನೆತ್ತಿಗೇರಿತ್ತು. ಬಸ್ಸಿನಲ್ಲಿ ಬರುವಾಗಲೇ ಆಟ ರದ್ದು ಮಾಡುವುದೆಂದು ನಿರ್ಧರಿಸಿದ್ದೆ. ಪಡಸಾಲೆಯಲ್ಲಿ ಹಸ್ತಪ್ರತಿ ಎಸೆದು ಹೇಳಿಯೂಬಿಟ್ಟೆ. ಚಾಚಾ ಸೂಜಿ ತುಟಿಯಲ್ಲಿಟ್ಟುಕೊಂಡೇ ಪುಟ ತಿರುವಿದ. ಆಮೇಲೆ ಸೂಜಿ ತೆಗೆದು ಹೇಳಿದ:

"ಮಾಸ್ತರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಭಾಳ ದಿನದಿಂದ ಹೇಳಬೇಕಂತಿದ್ದೆ. ಯಾವ ಕ್ಲಾರ್ಕ ಬಾಯಿ ಬಿಟ್ಟು ಲಂಚ ಕೊಡು ಅಂದಾನ್ರಿ? ಚಹಾಕ್ಕೇನರ ನೋಡ್ರಿ ಅಂತಾನ. ಖರೇ ಹೇಳ್ರಿ, ನಿಮಗ ಯಾರೂ ಅಂದಿಲ್ಲ?"

ಅಂದಿದ್ದರು. ಶಾಲೆಯ ಕಚೇರಿಯಲ್ಲೇ ನೂರು ಸಲ ಅಂದಿದ್ದರು. ಕೀನ್ಯಾದ ಪ್ರತಿ ತೆಗೆದು ಮತ್ತೆ ನೋಡಿದೆ. ಚಾಯ್, ಚಾಯ್, ಚಾಯ್. ಸಾವಿರಾರು ಮೈಲಿಯ ಆಚೆಯಿಂದ ನಮ್ಮ ಮಾತೇ ನಡೆದು ಬಂದು ಬಾಗಿಲಲ್ಲಿ ನಿಂತಿತ್ತು, ನಾನು ಅದನ್ನು ಗುರುತಿಸದೆ ಒಳಗೆ ಪದಕೋಶ ಹುಡುಕುತ್ತಿದ್ದೆ. ನಾಲಿಗೆ ಕಚ್ಚಿಕೊಂಡೆ. ಅಧಿಕಾರಿ ಗೀಟು ಹೊಡೆದದ್ದು ನನ್ನ ತಪ್ಪಿಗೇ ಹೊರತು ನಾಟಕಕ್ಕಲ್ಲ.

ಆಗ ನರ್ಸಬಾಯಿ ಬಾಯಿ ತೆರೆದಳು.

"ಸರ, ನಮ್ಮಪ್ಪ ತೀರಿಕೊಂಡಾಗ ನಮ್ಮವ್ವ ಕಾಗದಕ್ಕ ಅಗಡಿಯಿಂದ ಕಚೇರಿಗೆ ಅಡ್ಡಾಡತಿದ್ಲು. ಅಲ್ಲಿಯಾಂವ ‘ಚಹಾಕ್ಕೇನರ ನೋಡಬೇ’ ಅಂದಾನ. ಮರುದಿನ ಈಕಿ ಮನ್ಯಾಗ ಚಹಾ ಕಾಸಿ, ಕಿಟ್ಲಿ ತುಂಬ್ಕೊಂಡು, ಆರಬಾರದಂತ ಸೆರಗಿನ್ಯಾಗ ಸುತ್ತಿ ಬಸ್ಸಿಗೆ ಒಯ್ದಾಳ."

"ಆಮ್ಯಾಲೆ?"

"ಎಲ್ಲಾರೂ ಬಿದ್ದು ಬಿದ್ದು ನಕ್ಕಾರ. ಯಾಕ ನಗಾಕತ್ತಾರಂತ ಆಕಿಗೆ ತಿಳೀಲಿಲ್ಲ. ಮನಿಗೆ ಬಂದು, ಸಕ್ಕರಿ ಕಡಿಮಿ ಆಗಿರಬೇಕು ಅಂದ್ಲು."

ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಕೀನ್ಯಾದ ಮೂಲದಲ್ಲಿ ಕಿಟ್ಲಿ ಇರಲಿಲ್ಲ. ಆದರೆ ಜೈಲಿನಲ್ಲಿದ್ದ ಮಾಸ್ತರನ ನಾಟಕವನ್ನು ಅವನ ನಟರೇ ಬೆಳೆಸಿದ್ದರು ಎಂದು ಕೇಳಿದ್ದೆನಲ್ಲ. ನರ್ಸಬಾಯಿಯನ್ನು ಕೇಳಿದೆ, ಇದನ್ನು ರಂಗದ ಮೇಲೆ ತರಬಹುದೇ ಎಂದು. "ಅವ್ವನ್ನ ನಗಿಪಾಟಲ ಮಾಡಬಾರದು. ನಕ್ಕವರ್ನ ಮಾಡೂದಾದ್ರ ತರ್ರಿ" ಎಂದಳು. ಆ ಒಂದು ಮಾತೇ ನಮಗೆ ನಿರ್ದೇಶನ ಆಯಿತು. ವಿಧವೆ ಕಿಟ್ಲಿ ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಾಳೆ, ಪೂರ್ತಿ ಮರ್ಯಾದೆಯಿಂದ ಬಸಿಗೆ ಚಹಾ ಸುರಿಯುತ್ತಾಳೆ, ಒಮ್ಮೆಯೂ ತಮಾಷೆ ಮಾಡುವುದಿಲ್ಲ. ಕಿಟ್ಲಿಯಲ್ಲಿ ಸುಡುವ ಚಹಾ ಖರೆಯೇ ಇರಬೇಕು, ಹಬೆ ಕೊನೆಯ ಸಾಲಿನವರಿಗೂ ಕಾಣಬೇಕು ಎಂದು ಗೊತ್ತುಮಾಡಿದೆವು. ನಾಲ್ಕೇ ದಿನದಲ್ಲಿ ನಾಟಕ ಎದ್ದು ನಿಂತಿತು.

ಹೊಸ ಪ್ರತಿ ಓದಿ ಅಧಿಕಾರಿ ಸಂತೋಷಪಟ್ಟರು. "ಈಗ ನೋಡ್ರಿ, ಮನಿಮಂದಿ ಕೂಡೆ ಕುಂತು ನೋಡೂ ಹಂಗ ಆಗೇತಿ" ಎಂದು ಸಹಿ ಹಾಕಿದರು. ಹೊರಗೆ ಬರುವಾಗ ಬಾಗಿಲ ಸಿಪಾಯಿ, ನನ್ನ ಜೊತೆ ಬಂದಿದ್ದ ಚಾಚಾನ ಮುಂದೆ ಕೈ ಉಜ್ಜಿ, "ನಮ್ಮ ಚಹಾ?" ಎಂದ. ಚಾಚಾ ಅವನ ಹೆಗಲ ಮೇಲೆ ಕೈ ಹಾಕಿ, "ಬರ್ರಿ, ನಂದೂ ಕುಡಿಯೂದೈತಿ" ಎಂದು ಎದುರಿನ ಹೋಟೆಲಿಗೆ ಎಳೆದುಕೊಂಡು ಹೋಗಿ ಒಂದು ಕಪ್ಪು ಕುಡಿಸಿ ಕಳಿಸಿದ. ಬಸ್ಸಿನಲ್ಲಿ ಇಡೀ ದಾರಿ ಆ ಸಿಪಾಯಿಯ ಮುಖ ಮಾಡಿ ತೋರಿಸಿದ. ಆ ಮುಖವೇ ಮುಂದೆ ಅವನ ಪಾತ್ರಕ್ಕೆ ಬಂತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಹಂಗಾಮು ಜೋರಾಗಿತ್ತು. ಗೋದಾಮು ಖಾಲಿ ಮಾಡಿಕೊಟ್ಟಿದ್ದರೂ ಘಾಟು ಗೋಡೆಯಲ್ಲೇ ಕುಳಿತಿತ್ತು. ಅಲ್ಲಿಯ ತಾಲೀಮಿನ ಮೊದಲ ಮಾತಿಗೇ ಕಿರಾಣಿ ವ್ಯಾಪಾರಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡ. ನೆಲಕ್ಕೆ ನೀರು ಹೊಡೆಸಿದೆವು, ಕಿಟಕಿಗಳಿಗೆ ಒದ್ದೆ ಗೋಣಿಚೀಲ ತೂಗುಹಾಕಿದೆವು. ಅರ್ಧ ಹತೋಟಿಗೆ ಬಂತು, ಇನ್ನರ್ಧ ಬರಲಿಲ್ಲ. ಆಮೇಲೆ ಕೆಮ್ಮನ್ನೇ ಲೆಕ್ಕಕ್ಕೆ ಹಿಡಿದೆ: ಮುಖ್ಯ ಮಾತಿನ ಮುಂಚೆ ಎರಡು ಉಸಿರು ಬಿಡುವು, ಜನ ಕೆಮ್ಮಿ ಮುಗಿಸಲಿ, ಆಮೇಲೆ ಮಾತು. ಬೆಳಕಿಗೆ ನಮ್ಮದು ಉಪ್ಪುನೀರಿನ ವ್ಯವಸ್ಥೆ. ಉಪ್ಪುನೀರು ತುಂಬಿದ ಪಿಂಗಾಣಿ ಪೈಪಿನಲ್ಲಿ ಕರೆಂಟಿನ ತಗಡನ್ನು ಹಗ್ಗದಿಂದ ಇಳಿಸಿದಷ್ಟೂ ದೀಪ ಏರುತ್ತದೆ, ಎತ್ತಿದಷ್ಟೂ ಇಳಿಯುತ್ತದೆ. ಹಗ್ಗ ಹಿಡಿದು ಕುಳಿತವನು ನಾನೇ. ಕೈ ಬೆವೆತರೂ ಒರೆಸಿಕೊಳ್ಳುವ ಹಾಗಿಲ್ಲ, ಒದ್ದೆ ಕೈಯಿಂದ ತಗಡು ಮುಟ್ಟುವ ಹಾಗಂತೂ ಇಲ್ಲವೇ ಇಲ್ಲ.

ನಮ್ಮ ಕಡೆ ಮುಖ್ಯ ಅತಿಥಿಯಿಲ್ಲದೆ ನಾಟಕದ ಪರದೆ ಏಳುವುದಿಲ್ಲ. ಗೋದಾಮಿನ ಮಾಲೀಕ ಯಾರನ್ನು ಕರೆದಿದ್ದಾನೆಂದು ಅಂದು ಸಂಜೆಯೇ ಗೊತ್ತಾದದ್ದು. ಮೊದಲ ಸಾಲಿನ ಕುರ್ಚಿಯಲ್ಲಿ ಮಾಲೆ ಹಾಕಿಕೊಂಡು ನಮ್ಮ ಅಧ್ಯಕ್ಷರು ಕುಳಿತಿದ್ದರು. ಪಕ್ಕದಲ್ಲಿ ಇನ್ನೊಂದು ಮಾಲೆ ಹಾಕಿಸಿಕೊಂಡು ಕೀನ್ಯಾದ ವಿದ್ಯಾರ್ಥಿ. ನನ್ನ ಫೈಲು ನೆನಪಾಯಿತು. ಆದರೂ ಹಗ್ಗ ಇಳಿಸಿದೆ, ದೀಪ ಏರಿತು.

ಮೊದಲ ಮೇಜಿನಲ್ಲಿ ಚಾಚಾ ಪೆನ್ನು ಕಿವಿಗೆ ಸಿಕ್ಕಿಸಿ, "ಚಹಾಕ್ಕೇನರ ನೋಡಬೇ ಯವ್ವಾ" ಎಂದದ್ದೇ ತಡ, ಗೋದಾಮು ಗೊಳ್ಳೆಂದಿತು. ಮುಂದೆ ಕೆಮ್ಮಿಗೆಂದು ಬಿಟ್ಟ ಬಿಡುವುಗಳೆಲ್ಲ ನಗೆಗೆ ಸಾಲದಾದವು. ಐದನೆಯ ಮೇಜು ದಾಟಿ ಮಂತ್ರಿಯ ಮುಂದೆ ನರ್ಸಬಾಯಿ ಕಿಟ್ಲಿ ಬಗ್ಗಿಸಿದಳು. ಹಬೆ ಎದ್ದಿತು. ಮಂತ್ರಿ ಬಸಿ ನೋಡಿದ, ಅವಳನ್ನು ನೋಡಿದ, ನಕ್ಕುಬಿಟ್ಟ. ಅವಳು ಬಹಳ ಮೆಲ್ಲಗೆ ಕೇಳಿದಳು, "ಸಕ್ಕರಿ ಕಡಿಮಿ ಆತೇನ್ರಿ ಸಾಹೇಬ್ರ?" ಅಷ್ಟು ಹೊತ್ತು ನಕ್ಕ ಜನ ಒಮ್ಮೆಲೇ ಸುಮ್ಮನಾದರು. ಒಬ್ಬರೂ ಕೆಮ್ಮಲಿಲ್ಲ. ತಗಡು ಎತ್ತಿ ನಿಧಾನ ಕತ್ತಲು ಮಾಡುವಾಗ ನನ್ನ ಕಣ್ಣು ತುಂಬಿದ್ದವು. ಅದು ಘಾಟಿನಿಂದಲ್ಲ.

ಮುಗಿದ ಮೇಲೆ ಅಧ್ಯಕ್ಷರು ಮೈಕಿನ ಮುಂದೆ ಬಂದರು. "ಆಫ್ರಿಕಾದಾಗ ಬಡವರ ಪಾಡು ಹೆಂಗೈತಿ ನೋಡಿದ್ರೆಲ್ಲ. ನಮ್ಮ ತಾಲೂಕಿನ್ಯಾಗ ಪುಣ್ಯಾಕ ಇಂಥಾದ್ದು ನಡ್ಯಾಂಗಿಲ್ಲ" ಎಂದರು. ನಾಟಕಕ್ಕೆ ಬಿದ್ದದ್ದಕ್ಕಿಂತ ದೊಡ್ಡ ನಗೆ ಆ ಮಾತಿಗೆ ಬಿತ್ತು. ಅಧ್ಯಕ್ಷರೂ ನಕ್ಕರು, ನನ್ನ ಕಡೆ ನೋಡುತ್ತ ನಕ್ಕರು. ವಿದ್ಯಾರ್ಥಿಗೆ ಭಾಷಣದ ಅರ್ಥ ಹೇಳಿದೆ. "ನಮ್ಮಲ್ಲಿಯೂ ಮೊದಲ ಆಟಕ್ಕೆ ಹೀಗೇ ಹೊಗಳುತ್ತಾರೆ. ಎರಡನೆಯ ಆಟದ ಮುಂಚೆ ಕರೆಸುತ್ತಾರೆ" ಎಂದು ಅವನು ನನ್ನ ಕೈ ಕುಲುಕಿದ.

ಮೂರನೆಯ ದಿನ ಬೆಳಿಗ್ಗೆ ಕರೆ ಬಂತು. ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ ಮೇಜಿನ ಮೇಲೆ ನನ್ನ ಫೈಲು ತೆರೆದೇ ಇತ್ತು.

"ಬರ್ರಿ ಮಾಸ್ತರ, ಕುಂದ್ರಿ. ನಿಮ್ಮ ಆ ಹೆಣ್ಣಮಗಳು ಭಾಳ ಚೊಲೊ ಮಾಡಿದ್ಲು. ಹೊಟ್ಟಿ ಹುಣ್ಣಾಗೂ ಹಂಗ ನಕ್ಕೆ ನಾನೂ." ಪೆನ್ನಿನ ಟೊಪ್ಪಿಗೆ ತೆಗೆದರು. "ನಾ ಏನೂ ಕೇಳಾಕತ್ತಿಲ್ಲ. ಒಂದು ಪೈಸಾ ಬ್ಯಾಡ. ಹಾವೇರಿ ಆಟ ಒಂದು ಬಿಡ್ರಿ. ಇಲ್ಲೇ ನಿಮ್ಮ ಮುಂದ ಸಹಿ ಮಾಡತೇನಿ."

ಹೂಂ ಎನ್ನಬೇಕೆಂದು ಮನಸ್ಸು ಬಂದದ್ದು ನಿಜ. ತೊಲೆ ನೋಡುತ್ತ ನಿಂತ ಹೆಂಡತಿ ಕಣ್ಣ ಮುಂದೆ ಬಂದಳು. ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ, ಸುಮ್ಮನೆ ಒಂದು ಸಂಜೆ ಮನೆಯಲ್ಲಿ ಕುಳಿತರೆ ಸಾಕು. ಇದು ಲಂಚ ಹೇಗಾಗುತ್ತದೆ ಎಂದು ನನ್ನೊಳಗಿನ ಪದಕೋಶದ ಮಾಸ್ತರ ಕೇಳಿಯೂ ಕೇಳಿದ. ಆದರೆ ಒಂದು ಸಲ ಆ ತಪ್ಪು ಮಾಡಿ ಕಲಿತಿದ್ದೆ. ಅವರು ಕೇಳುತ್ತಿದ್ದದ್ದು ಚಹಾವೇ. ನಾಟಕದ ಐದು ಮೇಜು ದಾಟಿ ಆರನೆಯದರ ಮುಂದೆ ನಾನು ಕುಳಿತಿದ್ದೆ, ಕೊಡಬೇಕಾದದ್ದು ನರ್ಸಬಾಯಿಯ ಅವ್ವನ ಕಥೆಯಾಗಿತ್ತು. ಅದು ನನ್ನದಲ್ಲ, ಕೊಡಲು ಬರುವಂಥದ್ದಲ್ಲ.

"ಹಾವೇರಿಯವ್ರಿಗೆ ಮಾತು ಕೊಟ್ಟೇನ್ರಿ ಸರ" ಎಂದೆ.

ಅಧ್ಯಕ್ಷರು ಸಿಟ್ಟಾಗಲಿಲ್ಲ. ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿಗಿಟ್ಟರು. "ಹೋಗಿ ಬರ್ರಿ" ಎಂದರು.

ಮನೆಯಲ್ಲಿ ಹೇಳಿದಾಗ ಹೆಂಡತಿ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. "ಟೊಪ್ಪಿಗಿ ತಗದಿದ್ರು ಅಂತೀರಿ. ಒಂದು ಹೂಂ ಅನ್ನಾಕ ಏನಾಗಿತ್ತ್ರಿ ನಿಮಗ? ಮನ್ಯಾಗ ಒಂದು ಮಾತು ಕೇಳಬೇಕಂತ ಅನಸಲಿಲ್ಲೇನು?" ಅನಿಸಿರಲಿಲ್ಲ. ತಪ್ಪು ನನ್ನದೇ. ಎರಡು ದಿನ ಆಕೆ ಬೇಕಾದಷ್ಟೇ ಮಾತಾಡಿದಳು.

ಹಾವೇರಿ ಆಟಕ್ಕೆ ಎರಡು ದಿನ ಇರುವಾಗ ಕಿರಾಣಿ ವ್ಯಾಪಾರಿ ಬಂದು ಕೈಮುಗಿದ. ಅವನ ಅಂಗಡಿಯ ಪರವಾನಗಿ ನವೀಕರಣಕ್ಕೆ ಬಂದಿತ್ತಂತೆ. ಬೈಯಲಿಲ್ಲ, ಅವನಿಗೂ ಮನೆಯಿದೆ. ಮಂತ್ರಿಯ ಜುಬ್ಬಾವನ್ನು ಚಾಚಾ ನನ್ನ ಮೈಗೆ ಚಿಕ್ಕದು ಮಾಡಿದ. ಹಗ್ಗವನ್ನು ಹಾವೇರಿಯ ಒಬ್ಬ ವೈರಿಂಗ್ ಕೆಲಸದವನಿಗೆ ಕಲಿಸಿದೆ. ಹೊರಡುವ ಹೊತ್ತಿಗೆ ಹೆಂಡತಿ ಸೀರೆ ಉಟ್ಟು ತಯಾರಾಗಿ ನಿಂತಿದ್ದಳು. "ಯಾತರ ಸಲುವಾಗಿ ಕಳಕೊಳ್ಳಾಕತ್ತೇವಂತ ನೋಡೂನು" ಎಂದಳು. ನನ್ನ ನಾಟಕಕ್ಕೆ ಆಕೆ ಬಂದದ್ದು ಅದೇ ಮೊದಲು.

ಇಬ್ಬರು ಪೊಲೀಸರು ಬಂದರು. ಪರವಾನಗಿ ನೋಡಿದರು, ಪದ ಪದವೂ ಮಂಜೂರಾಗಿತ್ತು, ಕುಳಿತು ನೋಡಿದರು. ಬಸಿ ಕೈಗೆ ಬಂದಾಗ ನಾನು ನಗಬೇಕಿತ್ತು. ಮೂರನೆಯ ಸಾಲಿನಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡಿತು. ಆದರೂ ನಕ್ಕೆ. ನನ್ನ ಜೀವಮಾನದ ಅತ್ಯಂತ ಕಠಿಣವಾದ ನಗು ಅದು, ಜನ ಅದನ್ನು ದ್ವೇಷಿಸಿದ್ದು ರಂಗದ ಮೇಲೆ ನಿಂತವನಿಗೆ ಚೆನ್ನಾಗಿ ಗೊತ್ತಾಯಿತು.

ವರ್ಷದ ಪರೀಕ್ಷೆ ಮುಗಿದ ದಿನ ಶಾಲೆಯಿಂದ ಲಕೋಟೆ ಬಂತು. ಹಂಗಾಮಿ ಹುದ್ದೆ ಮುಂದುವರಿಸುವ ಅಗತ್ಯ ಕಂಡುಬಂದಿಲ್ಲ ಎಂದು ಎರಡು ಸಾಲು. ಗೊತ್ತಿದ್ದರೂ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ತುಂಬು ಬಸುರಿ ಹೆಂಡತಿ ನನ್ನ ಕೈಯಿಂದ ತೆಗೆದುಕೊಂಡು ನಿಂತೇ ಓದಿದಳು. ಮಡಿಸಿದಳು.

"ಮುಂದಿನ ಆಟ ಎಲ್ಲಿ ಐತ್ರಿ?" ಎಂದಳು.

"ದೇವರಗುಡ್ಡದವ್ರು ಕೇಳ್ಯಾರ. ಇನ್ನೂ ಏನೂ ಹೇಳಿಲ್ಲ."

"ಹೂಂ ಅನ್ರಿ ಮತ್ತ. ಆ ನರ್ಸಬಾಯಿಗೆ ಬ್ಯಾರೆ ಸೀರಿ ಹೊಂದಸಬೇಕು. ಈಗ ಉಡಾಕತ್ತಿದ್ದು ಮೂರನೇ ಸಾಲಿಗೇ ಹೊಸಾದು ಕಾಣತೈತಿ."